ಕಾಂಟ್ರಾಸ್ಟ್ ಹಿಡಿಯದ ಗಡ್ಡೆಗೆ ‘ಲೋ ಗ್ರೇಡ್’ ಎಂದು ಬರೆಯಬಹುದೇ?

ರೇಡಿಯೋ_ಪಿಜಿ
ವಯಸ್ಸು 52, ಮೊದಲ ಬಾರಿ ಫಿಟ್ಸ್. ಮೆದುಳಿನ ಎಡ ಫ್ರಾಂಟಲ್ ಲೋಬ್‌ನಲ್ಲಿ 4 ಸೆಂ.ಮೀ. ಗಡ್ಡೆ, ಟಿ2, ಫ್ಲೇರ್ ಎಂಬ ಎರಡೂ ಎಂಆರ್‌ಐ ಚಿತ್ರಗಳಲ್ಲಿ ಬೆಳ್ಳಗಿದೆ, ಕಾರ್ಟೆಕ್ಸ್ (ಮೆದುಳಿನ ಹೊರಪದರ) ದಪ್ಪಗಾಗಿದೆ. ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಔಷಧ ಕೊಟ್ಟರೂ ಎಲ್ಲೂ ಹಿಡಿದಿಲ್ಲ (ಹೊಳೆದಿಲ್ಲ). ಪರ್ಫ್ಯೂಷನ್‌ನಲ್ಲಿ (ರಕ್ತದ ಹರಿವಿನ ಸ್ಕ್ಯಾನ್) ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ಆರ್‌ಸಿಬಿವಿ (ಎದುರು ಬದಿಯ ಬಿಳಿ ಭಾಗಕ್ಕೆ ಹೋಲಿಸಿದ ರಕ್ತದ ಪ್ರಮಾಣ) 2.6, ಉಳಿದೆಡೆ 1.2. ಆಪರೇಷನ್‌ಗೆ ಮುಂಚೆ ಗ್ರೇಡ್ (ಗಡ್ಡೆಯ ತೀವ್ರತೆ, 1ರಿಂದ 4) ಬೇಕು ಅಂತ ಸರ್ಜನ್ ಕೇಳಿದ್ದಾರೆ. ಕಾಂಟ್ರಾಸ್ಟ್ ನಂಬಿ ಲೋ ಅನ್ನಲೇ, ಆರ್‌ಸಿಬಿವಿ 1.75ರ ಗೆರೆ ದಾಟಿದೆ ಅಂತ ಹೈ ಅನ್ನಲೇ?

ನ್ಯೂರೋರೇಡ್
ಎರಡೂ ಬೇಡ. ಕಾಂಟ್ರಾಸ್ಟ್ ತೋರಿಸುವುದು ರಕ್ತನಾಳದ ತಡೆ ಎಲ್ಲಿ ಒಡೆದಿದೆ ಎಂಬುದನ್ನು, ಗ್ರೇಡನ್ನಲ್ಲ. ಗ್ರೇಡ್ 1ರ ಪೈಲೊಸೈಟಿಕ್ ಆಸ್ಟ್ರೊಸೈಟೋಮಾ ಝಗ್ಗನೆ ಹೊಳೆಯುತ್ತದೆ. ಎಷ್ಟೋ ಗ್ರೇಡ್ 3 ಗಡ್ಡೆಗಳು ಹೊಳೆಯುವುದೇ ಇಲ್ಲ. ಅದಕ್ಕಿಂತ ಇಲ್ಲಿ ವಯಸ್ಸಿಗೆ ಹೆದರಬೇಕು: ವಯಸ್ಸಾದಷ್ಟೂ ಐಡಿಎಚ್ ಎಂಬ ಜೀನ್‌ನಲ್ಲಿ ಮ್ಯುಟೇಷನ್ ಇಲ್ಲದಿರುವ ಸಾಧ್ಯತೆ ಹೆಚ್ಚು. 2021ರ ಡಬ್ಲ್ಯುಎಚ್‌ಒ ವರ್ಗೀಕರಣದಲ್ಲಿ ಐಡಿಎಚ್ ಮ್ಯುಟೇಷನ್ ಇಲ್ಲದ, ವಯಸ್ಕರ ಡಿಫ್ಯೂಸ್ (ಸುತ್ತ ಹರಡುವ) ಆಸ್ಟ್ರೊಸೈಟಿಕ್ ಗಡ್ಡೆಯಲ್ಲಿ ಟರ್ಟ್ ಜೀನ್‌ನ ಪ್ರೊಮೋಟರ್ ಮ್ಯುಟೇಷನ್, ಇಜಿಎಫ್‌ಆರ್ ಜೀನ್‌ನ ಆಂಪ್ಲಿಫಿಕೇಷನ್ (ಪ್ರತಿಗಳು ಹೆಚ್ಚಿರುವುದು), 7ನೇ ಕ್ರೋಮೋಸೋಮ್ ಹೆಚ್ಚಿ 10ನೆಯದು ಕಳೆದಿರುವುದು, ಈ ಮೂರರಲ್ಲಿ ಒಂದಿದ್ದರೂ ಸಾಕು. ನೆಕ್ರೋಸಿಸ್ (ಸತ್ತ ಅಂಗಾಂಶ) ಇಲ್ಲದಿದ್ದರೂ ಅದು ಗ್ಲಿಯೊಬ್ಲಾಸ್ಟೋಮಾ, ಗ್ರೇಡ್ 4. ಇದು ಯಾವ ಎಂಆರ್‌ಐ ಸೀಕ್ವೆನ್ಸ್‌ನಲ್ಲೂ ಕಾಣುವುದಿಲ್ಲ.

ಇನ್ನು 1.75. ಆ ಗೆರೆ 2003ರಲ್ಲಿ 160 ರೋಗಿಗಳ ಅಧ್ಯಯನದಿಂದ ಬಂದದ್ದು: ಸೆನ್ಸಿಟಿವಿಟಿ (ಹೈ ಗ್ರೇಡನ್ನು ಹಿಡಿಯುವುದು) 95%, ಸ್ಪೆಸಿಫಿಸಿಟಿ (ಲೋ ಗ್ರೇಡನ್ನು ಬಿಟ್ಟುಕೊಡುವುದು) ಬರೀ 57.5%. ಅಂದರೆ 100 ಲೋ ಗ್ರೇಡ್ ಗಡ್ಡೆಗಳಲ್ಲಿ ನಲವತ್ತಕ್ಕೂ ಹೆಚ್ಚು ಗೆರೆ ದಾಟುತ್ತವೆ. ಆಲಿಗೊಡೆಂಡ್ರೊಗ್ಲಿಯೋಮಾ ಎಂಬ ಇನ್ನೊಂದು ಜಾತಿಯ ಗಡ್ಡೆಯಲ್ಲಿ ಸಣ್ಣ ರಕ್ತನಾಳಗಳ ಬಲೆ ದಟ್ಟವಾಗಿರುವುದರಿಂದ ಗ್ರೇಡ್ 2ರಲ್ಲೇ ಸಿಬಿವಿ ಏರಿಬಿಡುತ್ತದೆ. ಕಾರ್ಟೆಕ್ಸ್ ದಪ್ಪಗಿದೆ ಅಂದಿರಿ, ಅದೂ ಆ ಜಾತಿಯ ಕಡೆಗೇ ಬೆರಳು ತೋರಿಸುತ್ತದೆ. ಎಸ್‌ಡಬ್ಲ್ಯುಐ (ಕ್ಯಾಲ್ಸಿಯಂ, ರಕ್ತ ಗುರುತಿಸುವ ಎಂಆರ್‌ಐ) ಫೇಸ್ ಚಿತ್ರದಲ್ಲಿ ಕ್ಯಾಲ್ಸಿಯಂ ಇದೆಯಾ ನೋಡಿ, ಅನುಮಾನವಿದ್ದರೆ ಸಿಟಿ ಮಾಡಿಸಿ. ಟಿ2-ಫ್ಲೇರ್ ಮಿಸ್‌ಮ್ಯಾಚ್ (ಟಿ2ನಲ್ಲಿ ಬೆಳ್ಳಗೆ, ಫ್ಲೇರ್‌ನಲ್ಲಿ ಕಪ್ಪಗೆ) ಇದ್ದಿದ್ದರೆ ಐಡಿಎಚ್ ಮ್ಯುಟೆಂಟ್ ಆಸ್ಟ್ರೊಸೈಟೋಮಾ ಎನ್ನಲು ಧೈರ್ಯ ಬರುತ್ತಿತ್ತು. ಅದು ಜಾತಿ ಹೇಳುತ್ತದೆ, ಗ್ರೇಡ್ ಹೇಳುವುದಿಲ್ಲ. ನಿಮ್ಮ ಕೇಸಲ್ಲಿ ಫ್ಲೇರ್‌ನಲ್ಲೂ ಬೆಳ್ಳಗೇ ಇದೆ, ಹಾಗಾಗಿ ಅದೂ ಇಲ್ಲ.

ಆ 2.6ರ ಮೇಲೆ ನನಗೆ ಅನುಮಾನ. ಮೂಲೆ ಸಲ್ಕಸ್ (ಮೆದುಳಿನ ಮೇಲ್ಮೈಯ ಮಡಿಕೆ) ಪಕ್ಕದಲ್ಲಿದೆಯಾ? ಕಾಂಟ್ರಾಸ್ಟ್ ನಂತರದ ತೆಳು ಟಿ1 ಚಿತ್ರವನ್ನು ಸಿಬಿವಿ ಮ್ಯಾಪ್ ಮೇಲೆ ಕೂರಿಸಿ, ಕಾರ್ಟಿಕಲ್ ವೇನ್ ಹಾದುಹೋಗಿದೆಯಾ ನೋಡಿ. 30–50 ಚದರ ಮಿ.ಮೀ.ನ ಆರ್‌ಒಐ (ಅಳೆಯುವ ವೃತ್ತ) ಮೂರ್ನಾಲ್ಕು ಕಡೆ ಇಡಿ, ಹೋಲಿಕೆಗೆ ಎದುರು ಬದಿಯ ಬಿಳಿ ಭಾಗ. ಅದೇ ಜಾಗದ ಎಡಿಸಿಯನ್ನೂ (ನೀರಿನ ಅಣುಗಳ ಓಡಾಟ; ಜೀವಕೋಶ ದಟ್ಟವಾದಷ್ಟೂ ಕಡಿಮೆ) ಅಳೆಯಿರಿ.

ಎಂಆರ್_ಟೆಕ್
ಮ್ಯಾಪ್ ನೋಡುವ ಮೊದಲು ಕರ್ವ್ (ಔಷಧ ಹಾದುಹೋಗುವಾಗ ಸಿಗ್ನಲ್ ಇಳಿದು ಏರುವ ಗೆರೆ) ತೆಗೆಯಿರಿ. ಇಳಿತ ಚೂಪಾಗಿರಬೇಕು. ಅಗಲವಾಗಿ ಸೋರಿದಂತಿದ್ದರೆ ಇಂಜೆಕ್ಷನ್ ನಿಧಾನವಾಗಿದೆ ಅಂತ ಅರ್ಥ. ಕೈಬೆರಳ ಹತ್ತಿರದ ಸಣ್ಣ ಕ್ಯಾನುಲಾಕ್ಕೆ ಇದು ಮಾಮೂಲು. ಮೊಣಕೈ ಮಡಿಕೆಯಲ್ಲಿ 18 ಅಥವಾ 20 ಗೇಜ್, ಕೆ.ಜಿ.ಗೆ 0.1 ಮಿಲಿಮೋಲ್, ಸೆಕೆಂಡಿಗೆ 4 ಮಿ.ಲೀ., ಅದೇ ವೇಗದಲ್ಲಿ 20 ಮಿ.ಲೀ. ಸಲೈನ್. ಔಷಧ ಬರುವ ಮುಂಚೆ ಕನಿಷ್ಠ 30 ಬೇಸ್‌ಲೈನ್ ಚಿತ್ರ ಇರಲಿ.

ನಿಮ್ಮದು ಕಾಂಟ್ರಾಸ್ಟ್ ಹಿಡಿಯದ ಗಡ್ಡೆ, ಔಷಧ ರಕ್ತನಾಳದಿಂದ ಹೊರಗೆ ಸೋರುವ ತಲೆನೋವಿಲ್ಲ. ಹಿಡಿಯುವ ಗಡ್ಡೆಯಾದರೆ ಇಳಿತದ ನಂತರ ಗೆರೆ ಬೇಸ್‌ಲೈನ್ ದಾಟಿ ಮೇಲೇರುತ್ತದೆ. ಸರಿಪಡಿಸದಿದ್ದರೆ ಸಿಬಿವಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಅದಕ್ಕೆ ಸ್ಕ್ಯಾನ್‌ನ ಫ್ಲಿಪ್ ಆಂಗಲ್ 30 ಡಿಗ್ರಿಗೆ ಇಳಿಸಿ, ಇಲ್ಲವೇ ಅಳತೆಗೆ ಮೊದಲೇ ಸ್ವಲ್ಪ ಕಾಂಟ್ರಾಸ್ಟ್ (ಪ್ರೀಲೋಡ್ ಡೋಸ್) ಕೊಡಿ. ಫ್ರಾಂಟಲ್ ಸೈನಸ್ ಮೇಲ್ಗಡೆಯ ಸ್ಲೈಸ್‌ಗಳಲ್ಲಿ ಚಿತ್ರ ಎಳೆದುಕೊಳ್ಳುತ್ತದೆ, ಅಲ್ಲಿಯ ಸಂಖ್ಯೆ ಬಿಟ್ಟುಬಿಡಿ.

ರೇಡಿಯೋ_ಪಿಜಿ
ಸ್ಪೆಕ್ಟ್ರೋಸ್ಕೋಪಿ (ಗಡ್ಡೆಯ ರಾಸಾಯನಿಕಗಳನ್ನು ಅಳೆಯುವ ಎಂಆರ್‌ಐ) ಮಾಡಿಸಿದರೆ ತೀರ್ಮಾನ ಆಗುತ್ತಾ ಸರ್?

ನ್ಯೂರೋರೇಡ್
ಕಷ್ಟ. 2 ಸೆಂ.ಮೀ. ಘನದ ವಾಕ್ಸೆಲ್ (ಒಮ್ಮೆಗೆ ಅಳೆಯುವ ತುಂಡು) ಅಂದರೆ 8 ಮಿ.ಲೀ. ಸಿಬಿವಿ ಹೆಚ್ಚಿರುವ ನಿಮ್ಮ ಮೂಲೆ ಅದರಲ್ಲಿ ಕರಗಿಹೋಗುತ್ತದೆ. ತಲೆಬುರುಡೆ ತಾಗಿದರೆ ಲಿಪಿಡ್ (ಕೊಬ್ಬು) ನುಗ್ಗಿ ನೆಕ್ರೋಸಿಸ್ ಅಂತ ಮೋಸ ಹೋಗುತ್ತೀರಿ. ಮಾಡಲೇಬೇಕೆಂದರೆ ಮಲ್ಟಿವಾಕ್ಸೆಲ್, ಟಿಇ (ಎಕೋ ಸಮಯ) 135 ಅಥವಾ 144 ಮಿಲಿಸೆಕೆಂಡ್, ಲ್ಯಾಕ್ಟೇಟ್ 1.3 ಪಿಪಿಎಂನಲ್ಲಿ ತಲೆಕೆಳಗಾಗಿ ಬರುತ್ತದೆ, ಲಿಪಿಡ್ ಹಾಗೆ ತಲೆಕೆಳಗಾಗುವುದಿಲ್ಲ.

ಸರ್ಜನ್_ಎನ್ಎಸ್
ನಮಗೆ ನಿಜಕ್ಕೂ ಬೇಕಾದ್ದು ಸಂಖ್ಯೆಯಲ್ಲ, ಜಾಗ. ಪ್ಯಾಥಾಲಜಿಯವರು ಕೈಗೆ ಬಂದ ತುಂಡಿಗಷ್ಟೇ ಗ್ರೇಡ್ ಕೊಡುತ್ತಾರೆ. 1.2ರ ಜಾಗದಿಂದ ತೆಗೆದರೆ ಗ್ರೇಡ್ 2 ಅಂತ ಬರಬಹುದು, ಆ ಮೂಲೆಯಲ್ಲಿ ಗ್ರೇಡ್ 3 ಉಳಿದಿರಬಹುದು. 1 ಮಿ.ಮೀ. 3ಡಿ ಫ್ಲೇರ್ ಮೇಲೆ ಆ ಮೂಲೆಯನ್ನು ಗುರುತು ಮಾಡಿ ನ್ಯಾವಿಗೇಷನ್‌ಗೆ (ಆಪರೇಷನ್‌ನಲ್ಲಿ ಜಾಗ ತೋರಿಸುವ ಸಾಧನ) ಕಳಿಸಿ. ಡ್ಯೂರಾ (ಮೆದುಳಿನ ಹೊದಿಕೆ) ತೆರೆದು ಮೆದುಳ ಸುತ್ತಲಿನ ನೀರು ಹೋದರೆ ಮೆದುಳು ಕುಸಿದು ಗುರುತು ಜಾರುತ್ತದೆ. ಅದಕ್ಕೆ ಆ ತುಂಡನ್ನು ಮೊದಲೇ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿ ಕಳಿಸುತ್ತೇವೆ.

ರೇಡಿಯೋ_ಪಿಜಿ
ವೇನ್ ಇತ್ತು ಸರ್. ಅದನ್ನು ಬಿಟ್ಟು ಅಳೆದರೆ 1.9. ಆದರೆ ಅದೇ ಜಾಗದಲ್ಲಿ ಎಡಿಸಿ 0.9, ಉಳಿದೆಡೆ 1.4. ಕ್ಯಾಲ್ಸಿಯಂ ಇಲ್ಲ.

ನ್ಯೂರೋರೇಡ್
ಹಾಗಾದರೆ ಮೂಲೆ ಸುಳ್ಳಲ್ಲ, 2.6 ಮಾತ್ರ ಸುಳ್ಳು. ಹೀಗೆ ಬರೆಯಿರಿ: ‘ಕಾಂಟ್ರಾಸ್ಟ್ ಹಿಡಿಯದ ಡಿಫ್ಯೂಸ್ ಗ್ಲಿಯೋಮಾ; ಹಿಂಬದಿಯ ಮೂಲೆಯಲ್ಲಿ ಕಡಿಮೆ ಎಡಿಸಿ, ತುಸು ಹೆಚ್ಚಿದ ಸಿಬಿವಿ, ಬಯಾಪ್ಸಿ ಅಲ್ಲಿಂದಲೇ ಆಗಲಿ; ಹೈ ಗ್ರೇಡ್ ತಳ್ಳಿಹಾಕಲಾಗದು, ಐಡಿಎಚ್ ಮತ್ತು ಟರ್ಟ್ ಪರೀಕ್ಷೆ ಅಗತ್ಯ.’ ‘ಲೋ ಗ್ರೇಡ್’ ಪದ ಎಲ್ಲೂ ಬರದಿರಲಿ.