ಪದಚರ್ಚೆ: ‘ಆಘಾತ ಚಿಕಿತ್ಸೆ’, ‘ಮಾಜಿ ಸೈನಿಕ’, ‘ಚೆನ್’

ಪ್ರಶ್ನೆ: ಉತ್ತರ ಉಗಾಂಡದ ಅಚೋಲಿ ಜನರ ಕುರಿತ ಪಾಠವೊಂದು ಸಮಾಜಕಾರ್ಯ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಟ್ರಾಮಾ ಹೀಲಿಂಗ್’ಗೆ ‘ಆಘಾತ ಚಿಕಿತ್ಸೆ’, ‘ಎಕ್ಸ್ ಕಾಂಬಾಟೆಂಟ್’ಗೆ ‘ಮಾಜಿ ಸೈನಿಕ’, ‘ಸೈಕೋಸೋಷಿಯಲ್ ಸಪೋರ್ಟ್’ಗೆ ‘ಆಪ್ತ ಸಮಾಲೋಚನೆ’ ಎಂದಿದೆ. ಅಚೋಲಿಯ ‘ಚೆನ್’ ಎಂಬ ಪದವನ್ನು ‘ಭ್ರಮೆ’ ಎಂದು ಅನುವಾದಿಸಿದ್ದಾರೆ. ಯಾವುದನ್ನು ಉಳಿಸಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ನಾಲ್ಕನ್ನೂ ಬದಲಿಸಬೇಕಾಗುತ್ತದೆ.

‘ಆಘಾತ ಚಿಕಿತ್ಸೆ’ ಎಂದರೆ ನಮ್ಮ ಓದುಗರಿಗೆ ತಲೆಗೆ ಕರೆಂಟು ಕೊಡುವ ಶಾಕ್ ಟ್ರೀಟ್‌ಮೆಂಟೇ ನೆನಪಾಗುತ್ತದೆ. ಅದನ್ನು ಬಿಟ್ಟರೂ ಆಘಾತ ಎಂಬುದು ಬಿದ್ದ ಪೆಟ್ಟು. ಹೃದಯಾಘಾತ, ವಿದ್ಯುದಾಘಾತ ಎಲ್ಲದರಲ್ಲೂ ಅದೇ ಅರ್ಥ. ಗ್ರೀಕ್ ಮೂಲದ ‘ಟ್ರಾಮಾ’ ಎಂದರೆ ಗಾಯ. ಪೆಟ್ಟು ಒಂದು ಗಳಿಗೆಯದು, ಗಾಯ ವರ್ಷಗಟ್ಟಲೆ ಉಳಿಯುತ್ತದೆ. ನನ್ನ ಆಯ್ಕೆ ‘ಮನೋಗಾಯ’. ಅದಕ್ಕೆ ಹೊಂದುವ ಕ್ರಿಯಾಪದ ‘ಮಾಯು’. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ‘ಗುಣವಾಗು’ ಎಂದರೆ ರೋಗ ಹೋಯಿತು ಎಂದಾಗುತ್ತದೆ. ಮಾಯುವುದರಲ್ಲಿ ಕಲೆಗೂ ಜಾಗವಿದೆ.

‘ಮಾಜಿ ಸೈನಿಕ’ ಇಲ್ಲಿ ಪಿಂಚಣಿ, ಕ್ಯಾಂಟೀನ್ ಕಾರ್ಡು ಉಳ್ಳವರು. ಉಗಾಂಡದ ಬಂಡುಕೋರ ಗುಂಪಾದ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎತ್ತಿಕೊಂಡು ಹೋದ ಮಕ್ಕಳಲ್ಲಿ ಹೊರೆ ಹೊತ್ತವರು, ಅಡುಗೆ ಮಾಡಿದವರು, ಕಮಾಂಡರುಗಳಿಗೆ ಬಲವಂತದ ‘ಹೆಂಡತಿ’ಯಾದವರು ಇದ್ದರು. ಯುದ್ಧಕ್ಕೆ ಬಳಕೆಯಾದ ಮಕ್ಕಳ ಕುರಿತ 2007ರ ಅಂತರರಾಷ್ಟ್ರೀಯ ಒಪ್ಪಂದಸೂತ್ರಗಳಾದ ‘ಪ್ಯಾರಿಸ್ ತತ್ವಗಳು’ ಬಂದೂಕು ಹಿಡಿಯದ ಇವರನ್ನೂ ಸೇರಿಸಿಕೊಂಡೇ ‘ಸಶಸ್ತ್ರ ಗುಂಪಿನ ಜೊತೆಗಿದ್ದ ಮಗು’ ಎನ್ನುತ್ತವೆ. ‘ಯೋಧ’ ಎಂದು ಬರೆದರೆ ಈ ಹುಡುಗಿಯರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ಇದು ಬರೀ ಭಾಷೆಯ ಮಾತಲ್ಲ. ಬಂದೂಕು ಒಪ್ಪಿಸಿದವರಿಗೆ ಮಾತ್ರ ನೆರವು ಎಂದ ಕಡೆಗಳಲ್ಲಿ ಆದದ್ದೂ ಇದೇ. ‘ಶರಣಾದವರು’ ಎಂಬುದೂ ಬೇಡ. ನಕ್ಸಲರ ಶರಣಾಗತಿಯ ಸುದ್ದಿಗಳಿಂದ ಅದಕ್ಕೆ ಬೇರೆಯೇ ಬಣ್ಣ ಬಂದಿದೆ, ಮತ್ತು ಅಪಹರಣಕ್ಕೊಳಗಾದ ಮಗು ಯಾರಿಗೆ ಶರಣಾಗಬೇಕು? ‘ಸಶಸ್ತ್ರ ಗುಂಪಿನಿಂದ ಮರಳಿದವರು’ ಉದ್ದವಾದರೂ ಸರಿ.

‘ಮನೋಸಾಮಾಜಿಕ ಬೆಂಬಲ’ ಎಂಬ ಪದ ನಮ್ಮಲ್ಲಿ ಚಾಲ್ತಿಯಲ್ಲೇ ಇದೆ, ಅದನ್ನೇ ಇಟ್ಟುಕೊಳ್ಳಿ. ಆಪ್ತ ಸಮಾಲೋಚನೆ ಅದರ ಒಂದು ತುಣುಕು ಅಷ್ಟೆ. ತುರ್ತು ಸಂದರ್ಭಗಳ ಮಾನಸಿಕ ಆರೋಗ್ಯಕ್ಕಾಗಿ ನೆರವು ಸಂಸ್ಥೆಗಳು ಸೇರಿ ರೂಪಿಸಿದ 2007ರ ಅಂತರ-ಸಂಸ್ಥೆ ಮಾರ್ಗಸೂಚಿ ಇದನ್ನು ನಾಲ್ಕು ಮೆಟ್ಟಿಲಿನ ಪಿರಮಿಡ್ಡಾಗಿ ತೋರಿಸುತ್ತದೆ. ತಳದಲ್ಲಿ ಊಟ, ನೀರು, ಸುರಕ್ಷತೆ. ಅದರ ಮೇಲೆ ಮನೆಯವರನ್ನು ಹುಡುಕಿ ಕೂಡಿಸುವಂಥ ಕುಟುಂಬ, ಸಮುದಾಯದ ಕೆಲಸ. ಮೂರನೆಯದರಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರ ನೆರವು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಬರುವುದು ತುದಿಯಲ್ಲಿ.

ಇನ್ನು ‘ಚೆನ್’. ಅಚೋಲಿಯವರು ರೋಮನ್ ಲಿಪಿಯಲ್ಲಿ ಬರೆಯುವ ‘ಸಿ’ ಅಕ್ಷರದ ಉಚ್ಚಾರ ‘ಚ’. ಹಾಗಾಗಿ ‘ಸೆನ್’ ಎಂದು ಬರೆಯದಿದ್ದುದು ಒಳ್ಳೆಯದಾಯಿತು. ಆದರೆ ‘ಭ್ರಮೆ’ ವೈದ್ಯರ ತೀರ್ಪು, ಅನುವಾದವಲ್ಲ. ಹಿಂಸೆಯಿಂದ ಸತ್ತವರ ಆತ್ಮ ಕೊಂದವನನ್ನು ಹಿಡಿಯುವುದು ಚೆನ್. ಹೆಣ ಮುಟ್ಟಿದವನನ್ನೂ ಹಿಡಿಯಬಹುದು. ನಮ್ಮ ‘ಗಾಳಿ ಸೋಕು’ ಹತ್ತಿರ ಬರುತ್ತದೆ. ಆದರೆ ಗಾಳಿಗೆ ಹೆಸರಿಲ್ಲ, ಚೆನ್‌ಗೆ ಹಳೆಯ ಬಾಕಿ ಇದೆ. ‘ಚೆನ್ ಕಾಟ’ ಎಂದು ಬರೆದು ಒಂದು ಸಾಲಿನ ವಿವರಣೆ ಕೊಡಿ. ‘ಕಾಡು’ ಧಾತುವಿನಲ್ಲಿ ನೆನಪೂ ಇದೆ, ದೆವ್ವವೂ ಇದೆ. ಇಷ್ಟು ಒದಗಿಬರುವ ಪದ ಬೇರೆ ಸಿಗದು.

ಮರಳಿದವರು ಅಂಗಳಕ್ಕೆ ಕಾಲಿಡುವ ಮೊದಲು ಹಸಿ ಕೋಳಿಮೊಟ್ಟೆ ತುಳಿಯುವ ‘ನ್ಯೋನೋ ತೋಂಗ್ ಗ್ವೆನೋ’ವನ್ನು ‘ಶುದ್ಧೀಕರಣ’ ಎಂದರೆ ಕನ್ನಡದಲ್ಲಿ ಕೂಡಲೇ ಮೈಲಿಗೆ, ಪ್ರಾಯಶ್ಚಿತ್ತಗಳು ನುಗ್ಗುತ್ತವೆ. ತೊಳೆಯುವ ಅರ್ಥ ಅಲ್ಲಿಯೂ ಇಲ್ಲದಿಲ್ಲ. ಮೊಟ್ಟೆಯ ಜೊತೆ ಇಡುವ ‘ಒಪೋಬೊ’ ಜಾರುವ, ಸೋಪಿನಂಥ ಟೊಂಗೆ. ಆದರೆ ಪಕ್ಕದಲ್ಲೇ ‘ಲಾಯಿಬಿ’ ಇರುತ್ತದೆ. ಅದು ಕಣಜದ ಮುಚ್ಚಳ ಎತ್ತುವ ಕೋಲು, ಅಂದರೆ ಒಂದೇ ಕಣಜದ ಅನ್ನ ಉಂಡವರು ಎಂಬ ನೆನಪು. ಸೇರಕ್ಕಿ ಒದ್ದು ಒಳಗೆ ಬರುವ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಮನೆಗೆ ಸೇರಿಸಿಕೊಳ್ಳುವ ಶಾಸ್ತ್ರ’ ಎನ್ನಿ. ‘ಮಾತೊ ಒಪುತ್’ ಬೇರೆ, ಅದರ ಜೊತೆ ಕಲಸಬೇಡಿ. ಅದು ಕೊಲೆ ನಡೆದ ಎರಡು ಕುಲಗಳು ಪರಿಹಾರ ಒಪ್ಪಿಕೊಂಡ ಮೇಲೆ ಕಹಿಬೇರಿನ ರಸ ಕುಡಿದು ರಾಜಿಯಾಗುವುದು.

ಒಂದು ಎಚ್ಚರಿಕೆ, ಇದು ಕಾಲಪ್ರತ್ಯಯದ್ದು. ಪಾಠದಲ್ಲಿ ‘ನಿರೂಪಣಾ ಚಿಕಿತ್ಸೆ’, ಅಂದರೆ ಬಾಳಿನ ಕಥೆ ಹೇಳಿಸುತ್ತಾ ಮನೋಗಾಯ ಮಾಯಿಸುವ ವಿಧಾನ, ಬಂದೇ ಬರುತ್ತದೆ. ಉತ್ತರ ಉಗಾಂಡದಲ್ಲಿ ಮರಳಿದ 85 ಯುವಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸ್ಥಳೀಯರೇ ಎಂಟು ಬೈಠಕ್ಕುಗಳಲ್ಲಿ ಇದನ್ನು ಕೊಟ್ಟರು. ಮೊದಲು ನೆಲದ ಮೇಲೆ ಹಗ್ಗ ಹಾಸಿ ಹುಟ್ಟಿನಿಂದ ಈವರೆಗಿನ ಬಾಳನ್ನು ಜೋಡಿಸುತ್ತಾರೆ. ಒಳ್ಳೆಯದಕ್ಕೆ ಹೂವು, ಭಯಂಕರವಾದುದಕ್ಕೆ ಕಲ್ಲು. ಸುತ್ತಿಟ್ಟ ತುದಿ ಇನ್ನೂ ಬಾರದ ದಿನಗಳಿಗೆ. (ಇದನ್ನು ‘ಆಯುಷ್ಯರೇಖೆ’ ಎಂದವರಿದ್ದಾರೆ, ಅದು ಅಂಗೈ ನೋಡುವವರದು. ‘ಬಾಳಿನ ಹಗ್ಗ’ ಸಾಕು.) ಆಮೇಲೆ ಒಂದೊಂದೇ ಕಲ್ಲಿನ ಕಥೆ. ಆಡುಗನ್ನಡದಲ್ಲಿ ಹಳೆಯ ಘಟನೆಯನ್ನು ‘ಬರ್ತಾರೆ, ಹೊಡೀತಾರೆ’ ಎಂದೇ ಹೇಳುತ್ತೇವೆ. ಇಲ್ಲಿ ಅದು ಕೂಡದು. ಗಾಯದ ನೆನಪಿನ ತೊಂದರೆಯೇ ಅದು ‘ಈಗ’ ನಡೆಯುತ್ತಿರುವಂತೆ ಕಾಣುವುದು. ಕೇಳುವವರು ‘ಆಗ ಎದೆ ಹೊಡೆದುಕೊಂಡಿತ್ತು, ಈಗ ಇಲ್ಲಿ ಕೂತಿದ್ದೀರಿ’ ಎಂದು ಆಗ-ಈಗಗಳನ್ನು ಬೇರ್ಪಡಿಸುತ್ತಾ ಹೋಗಬೇಕು. ಹೆದರಿಕೆ ಏರಿರುವಾಗಲೇ ‘ನಾಳೆ ಮುಂದುವರಿಸೋಣ’ ಎಂದು ನಿಲ್ಲಿಸಿದರೆ, ಮಾತಾಡುವುದೇ ಅಪಾಯ ಎಂಬ ಪಾಠ ಗಟ್ಟಿಯಾಗುತ್ತದೆ. ಮಾದರಿ ಸಂಭಾಷಣೆಗಳನ್ನೆಲ್ಲ ಭೂತಕಾಲಕ್ಕೆ ತಿದ್ದಿಸಿ.

‘ಫ್ಲ್ಯಾಶ್‌ಬ್ಯಾಕ್’ಗೆ ‘ಮರುಕಳಿಕೆ’ ಬೇಡ, ಅದು ಜ್ವರಕ್ಕೆ. ‘ಕಣ್ಣಿಗೆ ಕಟ್ಟುವುದು’ ಎಂದರೆ ಆಗಬಹುದೇನೋ, ಆದರೆ ಅದನ್ನು ಚೆಂದದ ನೆನಪಿಗೂ ಬಳಸುತ್ತೇವೆ. ಉತ್ತರ ಕರ್ನಾಟಕದ ಕಡೆ, ಕರಾವಳಿಯಲ್ಲಿ ಬೇರೆ ಮಾತಿದ್ದರೆ ಅಲ್ಲಿಯವರು ತಿಳಿಸಲಿ.