ಕೊನೇ ಸೈಕಲ್ಲಿಂದ ಲೆಕ್ಕ ಶುರು ಮಾಡಿ ಅಣ್ಣ

ಅಣ್ಣ, ನಿಮ್ಮ ಮೆಸೇಜ್ ಪೂರ್ತಿ ಕೇಳಿದೆ. ಹದಿನಾರು ಜನರ ಸೈಕಲ್ ಪ್ರವಾಸ, ಆರು ದಿನ, 540 ಕಿಲೋಮೀಟರ್, ಜೊತೆಗೆ ಒಂದೇ ವ್ಯಾನು. ವ್ಯಾನು ಎಲ್ಲರ ಹಿಂದೆ ನಿಧಾನಕ್ಕೆ ಬರ್ತಾ ಇದ್ರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ ಅಣ್ಣ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂದ್ರೆ, ಸೈಕಲ್ ಹಿಂದೆ ತೆವಳೋ ವ್ಯಾನನ್ನ ಹಿಂದಿನ ಗಾಡಿಗಳು ಓವರ್‌ಟೇಕ್ ಮಾಡೇ ಮಾಡ್ತವೆ. ವ್ಯಾನಿನ ಮುಂದೆ ಸೈಕಲ್ ಇದೆ ಅನ್ನೋದು ಅವರಿಗೆ ಕಾಣಲ್ಲ. ಅಷ್ಟರಲ್ಲಿ ಎದುರಿಂದ ಗಾಡಿ ಬಂತು ಅಂದ್ರೆ ಸೀದಾ ಸೈಕಲ್ ಮೇಲೇ ನುಗ್ತಾರೆ. ಅದರ ಬದಲು ವ್ಯಾನು 25–30 ಕಿಲೋಮೀಟರ್ ಮುಂದೆ ಹೋಗಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಲಿ. ಕೊನೇ ಸೈಕಲ್ ದಾಟಿದ ಮೇಲೆ ಮುಂದಿನ ಜಾಗಕ್ಕೆ ಹೊರಡಲಿ. ವ್ಯಾನಲ್ಲಿ ಡ್ರೈವರ್ ಜೊತೆ ಇನ್ನೊಬ್ಬರು ಇರಲೇಬೇಕು. ಫೋನ್ ತೆಗೆಯೋದು, ದಾರಿ ನೋಡೋದು, ನೀರು ತುಂಬಿಸೋದು ಅವರ ಕೆಲಸ. ಹದಿನಾರು ಜನರ ಬ್ಯಾಗಲ್ಲೇ ವ್ಯಾನು ತುಂಬಿಹೋಗಬಾರದು. ಎರಡು ಸೀಟು, ಎರಡು ಸೈಕಲ್ ಇಡೋ ಜಾಗ ಯಾವಾಗಲೂ ಖಾಲಿ ಇರಲಿ.

ಹಿಂದೆ ಕಾಯೋಕೆ ಸೈಕಲ್ ಮೇಲೇ ಒಬ್ಬರು ಬೇಕು, ಸ್ವೀಪ್ ಅಂತೀವಲ್ಲ, ಅವರು. ಗುಂಪಿನ ಅತಿ ತಾಳ್ಮೆಯವರಿಗೆ ಆ ಕೆಲಸ ಕೊಡಿ. ಪಂಪು, ಟ್ಯೂಬು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಅವರ ಹತ್ತಿರ ಇರಲಿ. ಏನೇ ಆದ್ರೂ ಕೊನೆಯವರನ್ನ ದಾಟಿ ಅವರು ಮುಂದೆ ಹೋಗೋ ಹಾಗಿಲ್ಲ. ತಿರುವು ಬಂದಾಗ ಮುಂದಾಳು ತನ್ನ ಹಿಂದೆಯೇ ಇರೋ ಒಬ್ಬರನ್ನ ಅಲ್ಲೇ ನಿಲ್ಲಿಸಿ ಹೋಗಲಿ. ಅವರು ದಾರಿ ತೋರಿಸ್ತಾ ನಿಂತು, ಸ್ವೀಪ್ ಬಂದ ಮೇಲೇ ಹೊರಡಬೇಕು. ಈ ಒಂದು ನಿಯಮ ಇದ್ರೆ ಯಾರೂ ದಾರಿ ತಪ್ಪಲ್ಲ. ಜಿಪಿಎಕ್ಸ್ ಫೈಲು, ಅಂದ್ರೆ ಫೋನಿನ ಮ್ಯಾಪಲ್ಲಿ ದಾರಿ ತೋರಿಸೋ ಫೈಲು, ಎಲ್ಲರ ಹತ್ತಿರವೂ ಇರಲಿ, ಆದ್ರೆ ಅದನ್ನೇ ನಂಬಬೇಡಿ, ಚಾರ್ಜು ಮುಗಿಯುತ್ತೆ. ಯಾರಾದ್ರೂ ಬೇರೆ ಗಾಡಿ ಹತ್ತಿ ರೂಮಿಗೆ ಹೋಗೋದಾದ್ರೆ ಸ್ವೀಪಿಗೋ ವ್ಯಾನಿಗೋ ಹೇಳಿಯೇ ಹೋಗಬೇಕು. ಇಲ್ಲದಿದ್ರೆ ರೂಮಲ್ಲಿ ಮಲಗಿರೋರನ್ನ ಕತ್ತಲಲ್ಲಿ ರಸ್ತೆಯುದ್ದಕ್ಕೂ ಹುಡುಕಬೇಕಾಗುತ್ತೆ. ಪ್ರತಿ ನಿಲ್ದಾಣದಲ್ಲೂ ತಲೆ ಎಣಿಸಿ.

ಈಗ ಸಮಯ. ನಿಮ್ಮ ಪಟ್ಟಿಯಲ್ಲಿ ಗಂಟೆಗೆ 22 ಕಿಲೋಮೀಟರ್ ಅಂತ ಹಾಕಿದ್ದೀರಿ. ಅದು ಮುಂದಿರೋರ ವೇಗ. ಕೊನೆಯವರದ್ದು 15 ಅಂತ ಹಿಡಿಯಿರಿ. 90 ಕಿಲೋಮೀಟರಿಗೆ ಆರು ಗಂಟೆ ಬರೀ ತುಳಿಯೋದಕ್ಕೇ ಬೇಕು. ಮೂರು ಸಲ 20 ನಿಮಿಷ ನಿಲ್ಲೋದು, ಊಟಕ್ಕೆ ಮುಕ್ಕಾಲು ಗಂಟೆ, ಒಂದು ಪಂಕ್ಚರ್ ಸೇರಿಸಿದ್ರೆ ಎಂಟು ಗಂಟೆ ದಾಟುತ್ತೆ. ಏರು ಇರೋ ದಿನ ದೂರ ನೋಡಿ ಲೆಕ್ಕ ಹಾಕಬೇಡಿ, ಎತ್ತರ ನೋಡಿ. ಗಂಟೆಗೆ 400 ಮೀಟರ್ ಏರ್ತಾರೆ ಅಂತ ಹಿಡಿದ್ರೆ 800 ಮೀಟರ್ ಘಾಟಿಗೇ ಎರಡು ಗಂಟೆ ಹೋಯ್ತು. ನಿಧಾನದವರು ಮೊದಲು ಹೊರಡಲಿ, ವೇಗದವರು ಒಂದು ಗಂಟೆ ಬಿಟ್ಟು. ಆರು ದಿನವೂ 90 ಅಂತ ಸಮ ಮಾಡಬೇಡಿ. ಮೊದಲ ದಿನ 70 ಇರಲಿ, ಮೂರನೇ ದಿನವೂ ಚಿಕ್ಕದಿರಲಿ, ಯಾಕಂದ್ರೆ ಮಂಡಿ ನೋವು, ಸೀಟಿನ ಹುಣ್ಣು ತಲೆ ಎತ್ತೋದು ಆಗಲೇ. ಮಂಡಿ ಮುಂದೆ ನೋವಾದ್ರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತೆ, ಹಿಂದೆ ನೋವಾದ್ರೆ ಎತ್ತರ ಜಾಸ್ತಿ. ಒಂದು ಸಲಕ್ಕೆ 3–5 ಮಿಲಿಮೀಟರ್ ಮಾತ್ರ ಬದಲಾಯಿಸಿ.

ಬಿಡಿಭಾಗಕ್ಕೆ ಈಗಲೇ ಎಲ್ಲರಿಂದ ಒಂದು ಫಾರಂ ತುಂಬಿಸಿ. ಟೈರ್ ಸೈಜ್, ವಾಲ್ವು ಪ್ರೆಸ್ಟಾನೋ (ಸಣ್ಣದು) ಶ್ರೇಡರೋ (ಬೈಕಿನದ್ದರ ಹಾಗೆ ದಪ್ಪದ್ದು), ಹಿಂದೆ ಎಷ್ಟು ಗೇರು, ಬ್ರೇಕು ಯಾವುದು. ಹತ್ತು ಗೇರಿನ ಚೈನಿನ ಕ್ವಿಕ್ ಲಿಂಕು, ಅಂದ್ರೆ ಚೈನಿನ ಎರಡು ತುದಿ ಜೋಡಿಸೋ ಕೊಂಡಿ, ಹನ್ನೆರಡು ಗೇರಿನ ಚೈನಿಗೆ ಕೂರಲ್ಲ. ಹಿಂದಿನ ಗೇರ್ ಬದಲಿಸೋ ಡಿರೇಲರನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಅಂತೂ ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ, ಅದನ್ನ ಅವರವರೇ ತರಲಿ. ಸೈಕಲ್ ಗೇರಿರೋ ಬದಿಗೆ ಬಿದ್ರೆ ಮೊದಲು ಬಗ್ಗೋದೇ ಅದು. ಟ್ಯೂಬು ಒಬ್ಬೊಬ್ಬರ ಹತ್ತಿರ ಎರಡು, ವ್ಯಾನಲ್ಲಿ ಎಂಟು, ಪ್ರತಿ ಸೈಜಿಗೂ ಒಂದು ಟೈರು, ಗೇಜ್ ಇರೋ ನಿಲುವು ಪಂಪು, ಗೇರ್ ಕೇಬಲ್, ಬ್ರೇಕ್ ಪ್ಯಾಡು, ಚೈನ್ ಟೂಲು ಇರಲಿ. ಸೈಕಲ್ ಪ್ಯಾಕ್ ಮಾಡೋವಾಗ ಎಡ ಪೆಡಲಿನ ತಿರುಪು (ಥ್ರೆಡ್) ಉಲ್ಟಾ ಅನ್ನೋದು ಎಲ್ಲರಿಗೂ ಹೇಳಿ, ಇಲ್ಲಾಂದ್ರೆ ಬಿಚ್ತೀವಿ ಅಂತ ಬಿಗಿ ಮಾಡ್ತಾರೆ.

ಪಂಕ್ಚರ್ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ಹೊಸ ಟ್ಯೂಬು ಹಾಕಿ ಹತ್ತು ನಿಮಿಷದಲ್ಲಿ ಮತ್ತೆ ಗಾಳಿ ಹೋದ್ರೆ, ಹೆಚ್ಚಿನ ಸಲ ಮುಳ್ಳು ಟೈರಲ್ಲೇ ಉಳಿದಿರುತ್ತೆ. ಹಳೇ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿಂದ ಎಷ್ಟು ದೂರ ಅಂತ ನೋಡಿ, ಟೈರಲ್ಲೂ ಅಷ್ಟೇ ದೂರದಲ್ಲಿ ಒಳಗಡೆ ಬೆರಳು ನಿಧಾನಕ್ಕೆ ಆಡಿಸಿ. ಅಕ್ಕಪಕ್ಕ ಎರಡು ತೂತು ಇದ್ರೆ ಮುಳ್ಳಲ್ಲ, ಗಾಳಿ ಕಮ್ಮಿ ಇದ್ದು ಗುಂಡಿಗೆ ಹೊಡೆದು ರಿಮ್ಮು ಕಚ್ಚಿದ್ದು. ತೂತು ರಿಮ್ಮಿನ ಕಡೆ ಮುಖ ಮಾಡಿದ್ರೆ ರಿಮ್ ಟೇಪು (ರಿಮ್ಮಿನ ಒಳಗೆ ಕಡ್ಡಿ ತೂತುಗಳನ್ನ ಮುಚ್ಚೋ ಪಟ್ಟಿ) ಸರಿದಿದೆ, ಅದನ್ನ ಸರಿ ಮಾಡದೆ ಎಷ್ಟು ಟ್ಯೂಬು ಹಾಕಿದ್ರೂ ಅದೇ ಕಥೆ.

ನೀರು: ಬಿಸಿಲಲ್ಲಿ ಒಬ್ಬರಿಗೆ ಗಂಟೆಗೆ 600 ಮಿಲಿಲೀಟರ್ ಹಿಡಿದ್ರೂ ಹದಿನಾರು ಜನ, ಆರು ಗಂಟೆಗೆ ಸುಮಾರು 58 ಲೀಟರ್. ಬರೀ ನೀರನ್ನೇ ಮಿತಿ ಮೀರಿ ಕುಡಿದ್ರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತೆ. ಅದಕ್ಕೆ ಓಆರ್‌ಎಸ್ ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ತಿನ್ನೋದು ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್, ಅಂದ್ರೆ ಒಂದರಿಂದ ಎರಡು ಬಾಳೆಹಣ್ಣು, ಹಸಿವಾಗೋ ಮುಂಚೆಯೇ.

ಬಿಸಿಲಲ್ಲಿ ಯಾರಾದ್ರೂ ತೊದಲಿದ್ರೆ, ಏನೇನೋ ಮಾತಾಡಿದ್ರೆ, ಸುಸ್ತು ಅಂತ ಬಿಡಬೇಡಿ. ಅದು ಶಾಖಾಘಾತ ಇರಬಹುದು. ಆಂಬ್ಯುಲೆನ್ಸಿಗೆ ಫೋನ್ ಮಾಡಿಸ್ತಾನೇ ನೆರಳಿಗೆ ತಂದು ಮೈತುಂಬ ತಣ್ಣೀರು ಸುರೀರಿ, ಗಾಳಿ ಬೀಸಿ. ಆಂಬ್ಯುಲೆನ್ಸ್ ಬರಲಿ ಅಂತ ಕಾಯದೆ ತಕ್ಷಣವೇ ತಂಪು ಮಾಡಿ. ಬಿದ್ದು ತಲೆಗೆ ಪೆಟ್ಟಾದವರನ್ನ, ಅವರೆಷ್ಟೇ ಹಟ ಮಾಡಿದ್ರೂ, ಅವತ್ತು ಮತ್ತೆ ಸೈಕಲ್ ಹತ್ತಿಸಬೇಡಿ. ವಾಂತಿ ಆದ್ರೆ, ಕೇಳಿದ್ದನ್ನೇ ಕೇಳ್ತಿದ್ರೆ ಸೀದಾ ಆಸ್ಪತ್ರೆ. ರಕ್ತದ ಗುಂಪು, ಅಲರ್ಜಿ, ತಗೊಳ್ಳೋ ಮಾತ್ರೆ, ಮನೆಯವರ ನಂಬರ್ ಅದೇ ಫಾರಮಲ್ಲೇ ಬರೆಸಿ, ಒಂದು ಪ್ರತಿ ಕಾಗದದಲ್ಲಿ ವ್ಯಾನಲ್ಲಿಡಿ.

ಇನ್ನೊಂದು, ಇಷ್ಟು ಗಂಟೆಗೆ ಇಲ್ಲಿ ತಲುಪದವರು ವ್ಯಾನು ಹತ್ತಬೇಕು ಅನ್ನೋ ನಿಯಮವನ್ನ ಹೊರಡೋ ಮುಂಚೆಯೇ ಎಲ್ಲರಿಗೂ ತಿಳಿಸಿ, ಆಗ ಯಾರಿಗೂ ಅವಮಾನ ಅನ್ನಿಸಲ್ಲ. ಫಾರಂ ತುಂಬಿ ಬಂದ ಕೂಡಲೇ ನನಗೆ ಕಳಿಸಿ ಅಣ್ಣ, ಯಾವ ಸೈಜಿನ ಟ್ಯೂಬು ಎಷ್ಟು ಬೇಕು ಅಂತ ಪಟ್ಟಿ ಮಾಡಿ ಕೊಡ್ತೀನಿ.