ಚಿತ್ರ ಬಿಡಿಸಲು ಬರದವರು ಆನಿಮೇಷನ್ ಪ್ರೊಡ್ಯೂಸರ್ ಆಗಬಹುದಾ?

ಪ್ರಶ್ನೆ: ಶಿವಮೊಗ್ಗದಲ್ಲಿ ಬಿ.ಕಾಂ ಕೊನೆ ವರ್ಷ ಓದುತ್ತಿದ್ದೇನೆ. ಮನೆಮಂದಿಯೆಲ್ಲ ಕೂತು ನೋಡುವಂಥ ಆನಿಮೇಷನ್ ಸಿನಿಮಾಗಳ ಪ್ರೊಡ್ಯೂಸರ್ ಆಗಬೇಕು ಅಂತ ಆಸೆ. ಚಿತ್ರ ಬಿಡಿಸಲು ಬರುವುದಿಲ್ಲ, ಹಾಕಲು ದುಡ್ಡೂ ಇಲ್ಲ. ಈ ಕೆಲಸವನ್ನು ಹತ್ತಿರದಿಂದ ನೋಡಿದವರು ದಾರಿ ಹೇಳಿ.

ಉತ್ತರ 1: ದುಡ್ಡಿನ ಚಿಂತೆ ಮೊದಲು ಬಿಡಿ. ನಮ್ಮ ಕಡೆ ನಿರ್ಮಾಪಕರು ಅಂದರೆ ಬಂಡವಾಳ ಹಾಕುವವರು, ಅಲ್ವಾ? ದೊಡ್ಡ ಆನಿಮೇಷನ್ ಸ್ಟುಡಿಯೋಗಳಲ್ಲಿ ಹಾಗಲ್ಲ. ಹಣ ಸ್ಟುಡಿಯೋದ್ದು, ಪ್ರೊಡ್ಯೂಸರ್ ಸಂಬಳಕ್ಕೆ ಕೆಲಸ ಮಾಡುವವರು. ಇರುವ ದಿನ, ಇರುವ ಜನ, ಇರುವ ಹಣದಲ್ಲೇ ಕತೆ ಕೆಡದಂತೆ ಸಿನಿಮಾ ಮುಗಿಸುವುದು ಅವರ ಹೊಣೆ.

ಅಮೆರಿಕದ ಆನಿಮೇಷನ್ ಸ್ಟುಡಿಯೋ ಪಿಕ್ಸಾರ್‌ನ ಜೋನಸ್ ರಿವೆರಾ ಅವರನ್ನೇ ನೋಡಿ. 1994ರಲ್ಲಿ, 'ಟಾಯ್ ಸ್ಟೋರಿ' ತಯಾರಾಗುತ್ತಿದ್ದಾಗ, ಇಂಟರ್ನ್ ಆಗಿ ಸೇರಿದರು. ಆಮೇಲೆ ಆರ್ಟ್ ವಿಭಾಗದಲ್ಲಿ ಕೋಆರ್ಡಿನೇಟರ್, ಮ್ಯಾನೇಜರ್. 'ಕಾರ್ಸ್' ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್. ಪ್ರೊಡ್ಯೂಸರ್ ಆಗಿ ಮಾಡಿದ 'ಅಪ್' ಬಂದಿದ್ದು 2009ರಲ್ಲಿ. ಅಂದರೆ ಹದಿನೈದು ವರ್ಷ. ಆ ಸಿನಿಮಾ ಅತ್ಯುತ್ತಮ ಚಿತ್ರದ ಆಸ್ಕರ್ ಪಟ್ಟಿಯಲ್ಲೂ ಇತ್ತು. 'ಇನ್‌ಸೈಡ್ ಔಟ್' ಕೂಡ ಅವರದ್ದೇ. ಮೇಲೆ ಹೋಗಲು ಅಷ್ಟು ಕಾಲ ಬೇಕಾಗಿದ್ದು ನನಗೆ ಸರಿ ಅನಿಸುತ್ತದೆ. ಒಂದೊಂದು ವಿಭಾಗದ ಕಷ್ಟ ಗೊತ್ತಿಲ್ಲದವರು ಅವರಿಗೆ ಗಡುವು ಕೊಡಬಾರದು.

ಉತ್ತರ 2: ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಎಂಟು ವರ್ಷ ಪ್ರೊಡಕ್ಷನ್ ಕೋಆರ್ಡಿನೇಟರ್ ಆಗಿದ್ದೆ. ನಿಮ್ಮ ಮೊದಲ ಕೆಲಸ ಇದೇ ಆಗಿರುತ್ತದೆ. ಯಾವ ಶಾಟ್ (ಸಿನಿಮಾದ ಒಂದು ತುಣುಕು) ಬೆಳಕು ಕೂಡಿಸುವ ಲೈಟಿಂಗ್‌ನಲ್ಲಿದೆ, ಯಾವುದು ತಿದ್ದಿ ಮತ್ತೆ ಮಾಡಲು, ಅಂದರೆ ರೀಟೇಕ್‌ಗೆ ವಾಪಸ್ ಬಂದಿದೆ, ಯಾರ ಕೈ ಖಾಲಿ ಇದೆ, ಎಲ್ಲ ನಿಮಗೆ ಗೊತ್ತಿರಬೇಕು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ತೊಂಬತ್ತು ನಿಮಿಷದ ಸಿನಿಮಾಗೆ 1,29,600 ಫ್ರೇಮ್. ಅದರಲ್ಲಿ ಒಂದು ಶಾಟ್ ಎಲ್ಲೋ ಸುಮ್ನೆ ಬಿದ್ದಿದ್ದರೆ ಕೇಳುವುದು ನಿಮ್ಮನ್ನೇ.

ಒಮ್ಮೆ ಮೂರು ಶಾಟ್ ತಡವಾಗುವುದು ನನಗೆ ಸೋಮವಾರವೇ ಗೊತ್ತಿತ್ತು. ಹೇಗೋ ಸರಿಹೋಗುತ್ತದೆ ಅಂತ ಗುರುವಾರದವರೆಗೂ ಬಾಯಿ ಬಿಡಲಿಲ್ಲ. ಕೊನೆಗೆ ಹನ್ನೊಂದು ಜನ ಭಾನುವಾರವೂ ಬಂದು ಕೂತರು. ಅದರಲ್ಲಿ ಒಬ್ಬರ ಮಗುವಿನ ನಾಮಕರಣ ಅವತ್ತು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದು ಇನ್ನೂ ಜಾಸ್ತಿ ನೋವಾಯಿತು. ಅಲ್ಲಿಂದ ಮುಂದೆ ಕೆಟ್ಟ ಸುದ್ದಿಯನ್ನು ತಿಳಿದ ದಿನವೇ ಹೇಳಿಬಿಡುತ್ತಿದ್ದೆ.

ಬಿ.ಕಾಂ ಓದು ಖಂಡಿತ ಉಪಯೋಗಕ್ಕೆ ಬರುತ್ತದೆ. ಲೆಕ್ಕಪತ್ರ ಗೊತ್ತಿರುವ ಕೋಆರ್ಡಿನೇಟರ್‌ಗಳು ಕಡಿಮೆ. ಎಕ್ಸೆಲ್ ಚೆನ್ನಾಗಿ ಕಲಿಯಿರಿ.

ಉತ್ತರ 3: ಕಾಲೇಜು ಮುಗಿಯುವುದರೊಳಗೆ ಗೆಳೆಯರ ಜೊತೆ ಎರಡು ನಿಮಿಷದ ಆನಿಮೇಷನ್ ಮಾಡಿ. ಚಿತ್ರ ಬರೆಯುವವರು ಒಬ್ಬರು, ಧ್ವನಿಗೆ ಒಬ್ಬರು, ದಿನ ನಿಗದಿ ಮಾಡಿ ಮುಗಿಸುವ ಹೊಣೆ ನಿಮ್ಮದು. ಸಂದರ್ಶನಕ್ಕೆ ಹೋಗುವಾಗ ಆ ಶೆಡ್ಯೂಲ್ ಹಾಳೆಯನ್ನೂ ಜೊತೆಗೆ ಒಯ್ಯಿರಿ. ನಾನು ಹೊಸಬರನ್ನು ತೆಗೆದುಕೊಳ್ಳುವಾಗ ಮೊದಲು ಕೇಳುವುದೇ ಅದನ್ನು.